ಅನುಭವ ಬೇರೆ, ಗುಣ ಬೇರೆ: ಟ್ರಿಪ್ಟಮೈನ್ ಸೈಕೆಡೆಲಿಕ್‌ಗಳ ಔಷಧಶಾಸ್ತ್ರ

ನಾವು ಉಣ್ಣುವ ಬೇಳೆ, ಹಾಲು, ಮೊಟ್ಟೆಗಳಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವಿದೆ. ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು, ಅನ್ನದ ಮೂಲಕವೇ ಪಡೆಯಬೇಕು. ಅದರಿಂದ ಒಂದು ಆಮ್ಲದ ಗುಂಪು ಕಳಚಿಕೊಂಡರೆ ಉಳಿಯುವುದು ಟ್ರಿಪ್ಟಮೈನ್. ಇಂಡೋಲ್ ಎಂಬ ಜೋಡಿ ಉಂಗುರ, ಅದಕ್ಕೆ ಬಾಲದಂತೆ ಅಂಟಿದ ಎರಡು ಇಂಗಾಲದ ಕೊಂಡಿ, ಬಾಲದ ತುದಿಯಲ್ಲಿ ಒಂದು ಸಾರಜನಕ: ಇಷ್ಟೇ ಅದರ ಆಕಾರ. ಉಂಗುರದ ಐದನೆಯ ಜಾಗದಲ್ಲಿ ಒಂದು ಹೈಡ್ರಾಕ್ಸಿಲ್ ಕೂತರೆ ಅದು ಸಿರೊಟೊನಿನ್, ಅಂದರೆ ಕರುಳಿನ ಚಲನೆಯಿಂದ ನಿದ್ದೆಯವರೆಗೆ ಹತ್ತಾರು ಕೆಲಸಗಳಲ್ಲಿ ಕೈಯಿರುವ ನಮ್ಮದೇ ರಾಸಾಯನಿಕ. ಸಾರಜನಕಕ್ಕೆ ಎರಡು ಮೀಥೈಲ್ ಗುಂಪುಗಳು ಸೇರಿದರೆ ಡಿಎಂಟಿ. ಆ ಡಿಎಂಟಿಯ ನಾಲ್ಕನೆಯ ಜಾಗಕ್ಕೆ ಹೈಡ್ರಾಕ್ಸಿಲ್ ಬಂದರೆ ಸಿಲೋಸಿನ್, ಕೆಲವು ಜಾತಿಯ ಅಣಬೆಗಳನ್ನು ತಿಂದವರಿಗೆ ಗೋಡೆ ಉಸಿರಾಡುವಂತೆ ತೋರಿಸುವ ವಸ್ತು. ಅದೇ ಹೈಡ್ರಾಕ್ಸಿಲ್ ನಾಲ್ಕರ ಬದಲು ಐದರಲ್ಲಿ ಕೂತರೆ ಬುಫೊಟೆನಿನ್. ಅದು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟುವುದೇ ಕಷ್ಟ. ಒಂದೇ ಒಂದು ಮನೆಯಷ್ಟು ಜರುಗಿದ್ದಕ್ಕೆ ಇಷ್ಟು ವ್ಯತ್ಯಾಸ! ನಾಲ್ಕನೆಯ ಜಾಗದಲ್ಲಿದ್ದಾಗ ಹೈಡ್ರಾಕ್ಸಿಲ್ ಬಾಲದ ಸಾರಜನಕಕ್ಕೆ ಕೈಚಾಚಿ ಅದರ ವಿದ್ಯುದಾವೇಶವನ್ನು ಮರೆಸುತ್ತದೆ, ಅಣು ಕೊಬ್ಬಿನ ಪೊರೆಯನ್ನು ಸುಲಭವಾಗಿ ದಾಟುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ.

ಕಳೆದ ಎರಡು ದಶಕಗಳಲ್ಲಿ ಈ ಸೈಕೆಡೆಲಿಕ್, ಅಂದರೆ ಅರಿವು ಬದಲಿಸುವ, ಅಣುಗಳ ಬಗ್ಗೆ ಎರಡು ಬಗೆಯ ಮಾತುಗಳು ಒಟ್ಟೊಟ್ಟಿಗೆ ಕೇಳಿಬರುತ್ತಿವೆ. ಮೊದಲನೆಯದು, ಇವು ಮಿದುಳಿನಲ್ಲಿ ಎಲ್ಲಿ, ಹೇಗೆ ಕೆಲಸ ಮಾಡಿ ಅರಿವನ್ನು ಬದಲಿಸುತ್ತವೆ ಎಂಬುದು. ಎರಡನೆಯದು, ಇವು ಖಿನ್ನತೆಯಂಥ ಕಾಯಿಲೆಗಳನ್ನು ಗುಣಪಡಿಸುತ್ತವೆ ಎಂಬುದು. ಮೊದಲನೆಯದಕ್ಕೆ ಇರುವ ಸಾಕ್ಷ್ಯ ಮನೋಔಷಧಶಾಸ್ತ್ರದಲ್ಲೇ ಅಪರೂಪವೆನ್ನುವಷ್ಟು ಗಟ್ಟಿ. ಎರಡನೆಯದಕ್ಕೆ ಇರುವುದು ಭರವಸೆ ಹುಟ್ಟಿಸುವ, ಆದರೆ ಇನ್ನೂ ಹಸಿಯಾದ ಸಾಕ್ಷ್ಯ. ಒಂದರ ಗಟ್ಟಿತನವನ್ನು ಇನ್ನೊಂದಕ್ಕೆ ಸಾಲ ಕೊಡುವುದು ನಡೆದೇ ಇದೆ. ಅಣು ಹೋಗಿ ಹಿಡಿಯುವ ನರಕೋಶದ ಗ್ರಾಹಕದ ಹೆಸರು ಗೊತ್ತಾಗಿದೆಯಲ್ಲ, ಇನ್ನೇನು ಗುಣವಾಗುವ ಬಗೆಯೂ ಗೊತ್ತಾದಂತೆ ಎಂದು ಓದುಗ ನಂಬಿಬಿಡುತ್ತಾನೆ. ಈ ಸಾಲವನ್ನು ಮನ್ನಾ ಮಾಡಬಾರದು ಎಂಬುದು ನನ್ನ ವಾದ.

ಗಟ್ಟಿಯಾದ ಭಾಗದಿಂದಲೇ ಆರಂಭಿಸೋಣ. ಸಿರೊಟೊನಿನ್ ಅನ್ನು ರಕ್ತದಿಂದ ಬೇರ್ಪಡಿಸಿದ್ದು 1948ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಮೌರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್ ಮತ್ತು ಅರ್ವಿನ್ ಪೇಜ್. ಆಗ ಅದು ರಕ್ತನಾಳಗಳನ್ನು ಬಿಗಿಗೊಳಿಸುವ ವಸ್ತು ಮಾತ್ರ. ಬೆಟ್ಟಿ ಟ್ವಾರೋಗ್ ಎಂಬ ಯುವ ಸಂಶೋಧಕಿ ಅದು ಮಿದುಳಿನಲ್ಲೂ ಇದೆ ಎಂದು ತೋರಿಸಿ, ಪೇಜ್ ಜೊತೆ 1953ರಲ್ಲಿ ಪ್ರಕಟಿಸಿದಳು. ಅದಕ್ಕೂ ಹತ್ತು ವರ್ಷ ಮೊದಲು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆಲ್ಬರ್ಟ್ ಹಾಫ್‌ಮನ್ ಎಲ್‌ಎಸ್‌ಡಿಯ ಪ್ರಭಾವವನ್ನು ಕಂಡುಕೊಂಡಿದ್ದ. ಆ ದೊಡ್ಡ ಅಣುವಿನ ಹೊಟ್ಟೆಯೊಳಗೂ ಟ್ರಿಪ್ಟಮೈನಿನ ಆಕಾರವೇ ಅಡಗಿದೆ. ಎಡಿನ್‌ಬರೋದ ಜಾನ್ ಗ್ಯಾಡಮ್, ಇಲಿಯ ಗರ್ಭಾಶಯದ ಸ್ನಾಯುವಿನ ಮೇಲೆ ಸಿರೊಟೊನಿನ್ ಮಾಡುವ ಕೆಲಸವನ್ನು ಎಲ್‌ಎಸ್‌ಡಿ ತಡೆಯುತ್ತದೆ ಎಂದು ಕಂಡ. 1954ರಲ್ಲಿ ನ್ಯೂಯಾರ್ಕಿನ ವೂಲಿ ಮತ್ತು ಶಾ, ಹಾಗಿದ್ದರೆ ಮನಸ್ಸಿನ ಏರುಪೇರುಗಳಿಗೂ ಸಿರೊಟೊನಿನ್‌ಗೂ ನಂಟಿರಬೇಕು ಎಂದು ಬರೆದರು. ಇದೇ ಹೊತ್ತಿಗೆ ನಮ್ಮ ಕಡೆಯ ಒಂದು ಬೇರು ಈ ಕಥೆಯೊಳಗೆ ಬಂತು. ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧದಿಂದ ರಕ್ತದೊತ್ತಡ ಇಳಿಯುವುದನ್ನು ಬ್ರಿಟನ್ನಿನ ಪತ್ರಿಕೆಯಲ್ಲಿ ವರದಿ ಮಾಡಿದ್ದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಬೇರೆಯಾಯಿತು. 1955ರಲ್ಲಿ ಅದು ದೇಹದ ಸಿರೊಟೊನಿನ್ ದಾಸ್ತಾನನ್ನೇ ಬರಿದು ಮಾಡುತ್ತದೆ ಎಂಬುದು ಅಮೆರಿಕದಲ್ಲಿ ಗೊತ್ತಾಯಿತು. ರಿಸರ್ಪಿನ್ ಕೂಡ ಟ್ರಿಪ್ಟಮೈನ್ ಕುಲದಿಂದಲೇ ಗಿಡ ಹೆಣೆದ ಅಣು. ಮನಸ್ಸಿನ ರಸಾಯನಶಾಸ್ತ್ರದ ಇತಿಹಾಸ ಬರೆಯುವವರು ಎಲ್‌ಎಸ್‌ಡಿಗೆ ಪುಟಗಟ್ಟಲೆ ಕೊಟ್ಟು ಸರ್ಪಗಂಧವನ್ನು ಒಂದು ಸಾಲಿನಲ್ಲಿ ಮುಗಿಸುವುದು ನ್ಯಾಯವಲ್ಲ.

ಅಣಬೆಯ ಕಥೆ ಮೆಕ್ಸಿಕೊದ ಒಆಹಾಕ ಬೆಟ್ಟಗಳದ್ದು. ಅಲ್ಲಿನ ಮಸಾಟೆಕ್ ಜನರ ನಡುವೆ ರೋಗಿಗಳಿಗಾಗಿ ರಾತ್ರಿಯ ಅಣಬೆ ಸೇವೆ ನಡೆಸುತ್ತಿದ್ದ ಮರಿಯ ಸಬೀನಾ, 1955ರಲ್ಲಿ ಗಾರ್ಡನ್ ವಾಸನ್ ಎಂಬ ಅಮೆರಿಕದ ಬ್ಯಾಂಕರನನ್ನು ಒಳಗೆ ಬಿಟ್ಟುಕೊಂಡಳು. 1957ರಲ್ಲಿ ಆತ ‘ಲೈಫ್’ ಪತ್ರಿಕೆಯಲ್ಲಿ ಬರೆದದ್ದು ಆಕೆಯ ಊರಿಗೆ ಹೊರಗಿನವರ ದಂಡನ್ನೇ ತಂದಿತು. ಆಕೆಯ ಪಾಲಿಗೆ ಅದು ಹಾನಿಯೇ ಆಯಿತು. ಪ್ಯಾರಿಸಿನಲ್ಲಿ ರೋಜೆ ಹೇಮ್ ಬೆಳೆಸಿದ ಅಣಬೆಗಳಿಂದ ಹಾಫ್‌ಮನ್ 1958ರಲ್ಲಿ, ಸಿಲೋಸಿನ್‌ಗೆ ಫಾಸ್ಫೇಟ್ ಅಂಟಿದ ರೂಪವಾದ ಸಿಲೋಸೈಬಿನ್ ಅನ್ನು ಬೇರ್ಪಡಿಸಿದ. ಇದೇ ವಾಸನ್ 1968ರಲ್ಲಿ ವೇದದ ಸೋಮವೂ ಅಣಬೆಯೇ ಎಂದು ವಾದಿಸಿದ್ದರಿಂದ ನಮ್ಮಲ್ಲಿ ಅನೇಕರು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಆತ ಸೋಮಕ್ಕೆ ಸೂಚಿಸಿದ ಕೆಂಪು ಟೋಪಿಯ ಅಣಬೆಯಲ್ಲಿರುವುದು ಮಸ್ಕಿಮಾಲ್, ಅದು ಹಿಡಿಯುವುದು ಗಾಬಾ ಎಂಬ ಬೇರೆಯೇ ರಾಸಾಯನಿಕದ ಗ್ರಾಹಕವನ್ನು. ಸಿರೊಟೊನಿನ್ ದಾರಿಗೂ ಅದಕ್ಕೂ ಸಂಬಂಧವಿಲ್ಲ.

ಸಿಲೋಸೈಬಿನ್ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಕರುಳು ಮತ್ತು ಯಕೃತ್ತಿನ ಕಿಣ್ವ ಅದರ ಫಾಸ್ಫೇಟನ್ನು ಕತ್ತರಿಸಿದ ಮೇಲೆ ಸಿಲೋಸಿನ್ ಆಗಿ ರಕ್ತ ಸೇರುತ್ತದೆ, ನಾಲ್ಕರಿಂದ ಆರು ಗಂಟೆ ಕಾಲ ಪ್ರಭಾವ ಬೀರುತ್ತದೆ. ಡಿಎಂಟಿಯ ಹಾದಿ ಇನ್ನೂ ವಿಚಿತ್ರ. ಅದನ್ನು ಕೆನಡಾದ ರಿಚರ್ಡ್ ಮ್ಯಾನ್ಸ್‌ಕೆ 1931ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದ್ದ. ಅದು ಮನಸ್ಸನ್ನು ಬದಲಿಸುತ್ತದೆ ಎಂದು ಗೊತ್ತಾಗಲು ಹಂಗೆರಿಯ ಸ್ಟೀಫನ್ ಸಾರಾ ಎಂಬ ವೈದ್ಯ 1956ರಲ್ಲಿ ಚುಚ್ಚಿಕೊಂಡು ನೋಡಬೇಕಾಯಿತು. ನುಂಗಿದರೆ ಅದು ಏನೂ ಮಾಡುವುದಿಲ್ಲ, ಏಕೆಂದರೆ ಕರುಳು ಮತ್ತು ಯಕೃತ್ತಿನಲ್ಲಿರುವ ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ದಾರಿಯಲ್ಲೇ ಅದನ್ನು ಮುರಿದುಹಾಕುತ್ತದೆ. ಅಮೆಜಾನಿನ ಜನ ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಆಯವಾಸ್ಕಾ ಕಷಾಯದಲ್ಲಿ ಡಿಎಂಟಿ ಇರುವ ಎಲೆಯ ಜೊತೆ ಕುದಿಸುವ ಬಳ್ಳಿಯಲ್ಲಿ ಹಾರ್ಮಿನ್, ಹಾರ್ಮಲಿನ್‌ಗಳಿವೆ. ಅವು ಆ ಕಿಣ್ವದ ಕೈಕಟ್ಟುತ್ತವೆ, ಡಿಎಂಟಿ ಪಾರಾಗಿ ಮಿದುಳು ತಲುಪುತ್ತದೆ. ಆಯುರ್ವೇದ ಬಲ್ಲ ಓದುಗರಿಗೆ ಇಲ್ಲಿ ಅನುಪಾನದ ನೆನಪಾದರೆ ಅಚ್ಚರಿಯಿಲ್ಲ. ಮದ್ದನ್ನು ಯಾವುದರೊಡನೆ ಕೊಡುತ್ತೇವೆ ಎಂಬುದೇ ಮದ್ದಿನ ಅರ್ಧ ಶಕ್ತಿ ಎಂಬ ತಿಳಿವು ಬೇರೆ ಖಂಡದ ಕಾಡಿನಲ್ಲೂ ಇತ್ತು. ಆದರೆ ಇದೇ ಜಾಣ್ಮೆಯಲ್ಲಿ ಅಪಾಯವೂ ಇದೆ: ಕಿಣ್ವದ ಕೈಕಟ್ಟಿದಾಗ ಸಿರೊಟೊನಿನ್ ಕೂಡ ಮುರಿಯದೆ ಉಳಿಯುತ್ತದೆ.

ಇನ್ನು ಗ್ರಾಹಕದ ಪ್ರಶ್ನೆ. ಸಿರೊಟೊನಿನ್‌ಗೆ ಮನುಷ್ಯ ದೇಹದಲ್ಲಿ ಹದಿನಾಲ್ಕು ಬಗೆಯ ಗ್ರಾಹಕಗಳಿವೆ. ಅವುಗಳಲ್ಲಿ 2ಎ ಎಂಬುದೇ ಈ ಅನುಭವದ ಬಾಗಿಲು ಎನ್ನಲು ಮೂರು ಸ್ವತಂತ್ರ ಸಾಕ್ಷ್ಯಗಳು ಒಂದೇ ಕಡೆ ಬೆರಳು ತೋರಿಸುತ್ತವೆ. 1998ರಲ್ಲಿ ಜ್ಯೂರಿಕ್‌ನ ಫ್ರಾನ್ಜ್ ಫೊಲೆನ್‌ವೈಡರ್ ತಂಡ, ಆರೋಗ್ಯವಂತ ಸ್ವಯಂಸೇವಕರಿಗೆ ಮೊದಲು ಕೆಟಾನ್ಸೆರಿನ್ ಎಂಬ 2ಎ ತಡೆಮದ್ದು ಕೊಟ್ಟು ಆಮೇಲೆ ಸಿಲೋಸೈಬಿನ್ ಕೊಟ್ಟಿತು. ಪ್ರಭಾವ ಅಡಗಿಹೋಯಿತು. ಡೋಪಮೈನ್ ಗ್ರಾಹಕವನ್ನು ತಡೆಯುವ ಹ್ಯಾಲೊಪೆರಿಡಾಲ್ ಕೊಟ್ಟಾಗ ಹಾಗೆ ಅಡಗಲಿಲ್ಲ. 2019ರಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು ಪಿಇಟಿ ಸ್ಕ್ಯಾನ್ ಬಳಸಿ, ಮಿದುಳಿನ 2ಎ ಗ್ರಾಹಕಗಳಲ್ಲಿ ಎಷ್ಟು ಪಾಲು ಭರ್ತಿಯಾಗಿವೆಯೋ ಅನುಭವವೂ ಅಷ್ಟೇ ತೀವ್ರ ಎಂದು ತೋರಿಸಿದರು. ಅವರು ಕಂಡ ಗರಿಷ್ಠ ಭರ್ತಿ ಶೇ. 72ರಷ್ಟು. ಮೂರನೆಯದು ಇಲಿಗಳದ್ದು: ಈ ಮದ್ದುಗಳು ಸೇರಿದ ಇಲಿ ತಲೆಯನ್ನು ಥಟ್ಟನೆ ಕೊಡವುತ್ತದೆ, 2ಎ ಗ್ರಾಹಕದ ಜೀನ್ ತೆಗೆದ ಇಲಿ ಕೊಡವುವುದಿಲ್ಲ. ಮನುಷ್ಯನ ವರದಿ, ಸ್ಕ್ಯಾನಿನ ಅಳತೆ, ಜೀನಿನ ಪ್ರಯೋಗ ಹೀಗೆ ಒಂದಕ್ಕೊಂದು ಹೊಂದಿಕೊಳ್ಳುವುದು ಮನಸ್ಸಿನ ಮದ್ದುಗಳ ಲೋಕದಲ್ಲಿ ಪದೇ ಪದೇ ಆಗುವ ಮಾತಲ್ಲ.

ಆದರೂ ಒಂದು ಮುಳ್ಳು ಉಳಿದಿತ್ತು. 2ಎ ಗ್ರಾಹಕ ಇರುವುದೇ ಸಿರೊಟೊನಿನ್‌ಗಾಗಿ. ಹಾಗಿದ್ದರೆ ನಮ್ಮದೇ ಸಿರೊಟೊನಿನ್ ನಮಗೇಕೆ ದರ್ಶನ ಮಾಡಿಸುವುದಿಲ್ಲ? ಲಿಸುರೈಡ್ ಎಂಬ ಔಷಧಿಯೂ ಅದೇ ಗ್ರಾಹಕವನ್ನು ಹಿಡಿದು ಚುರುಕುಗೊಳಿಸುತ್ತದೆ, ಆದರೆ ಅದರಿಂದ ಸೈಕೆಡೆಲಿಕ್ ಅನುಭವವಾಗುವುದಿಲ್ಲ. ಬೀಗಕ್ಕೆ ಕೀಲಿ ಎಂಬ ಹಳೆಯ ಹೋಲಿಕೆ ಇಲ್ಲಿ ಸಾಲದು. ಗ್ರಾಹಕವು ಒಂದೇ ಮಾತನ್ನು ಕೋಶದೊಳಕ್ಕೆ ದಾಟಿಸುವುದಿಲ್ಲ. ಹಿಡಿದವರು ಯಾರು ಎಂಬುದನ್ನು ನೋಡಿಕೊಂಡು ಅದು ಜಿ-ಪ್ರೋಟೀನಿನ ದಾರಿಯಲ್ಲೋ ಅರೆಸ್ಟಿನ್ ಎಂಬ ಪ್ರೋಟೀನಿನ ದಾರಿಯಲ್ಲೋ ಬೇರೆ ಬೇರೆ ಬಲದಲ್ಲಿ ಸುದ್ದಿ ಕಳಿಸುತ್ತದೆ. ಜಿ-ಪ್ರೋಟೀನಿನ ದಾರಿಯನ್ನು ಒಂದು ಮಟ್ಟಕ್ಕಿಂತ ಹೆಚ್ಚು ಬಲವಾಗಿ ತಟ್ಟುವ ಅಣುಗಳೇ ಇಲಿಯ ತಲೆ ಕೊಡವಿಸುತ್ತವೆ ಎಂದು 2023ರ ಒಂದು ಅಧ್ಯಯನ ಹೇಳಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿರುವ ಡೇವಿಡ್ ಓಲ್ಸನ್ ತಂಡ ಇನ್ನೊಂದು ಉತ್ತರ ಕೊಟ್ಟಿತು, ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಪ್ರಯೋಗಗಳಲ್ಲಿ ಅದೂ ಒಂದು. 2ಎ ಗ್ರಾಹಕಗಳಲ್ಲಿ ಬಹಳಷ್ಟು ನರಕೋಶದ ಹೊರಮೈಯಲ್ಲಿಲ್ಲ, ಒಳಗಿವೆ. ಕೊಬ್ಬಿನಲ್ಲಿ ಕರಗುವ ಡಿಎಂಟಿ, ಸಿಲೋಸಿನ್‌ಗಳು ಪೊರೆ ದಾಟಿ ಒಳಗಿನವನ್ನೂ ಮುಟ್ಟುತ್ತವೆ. ಸಿರೊಟೊನಿನ್ ಹೊಸಿಲ ಹೊರಗೇ ನಿಲ್ಲುತ್ತದೆ. ಸಿರೊಟೊನಿನ್ ಅನ್ನು ಒಳಗೆ ಸಾಗಿಸುವ ಪ್ರೋಟೀನನ್ನು ಇಲಿಯ ನರಕೋಶಗಳಲ್ಲಿ ಕೃತಕವಾಗಿ ಇರಿಸಿದಾಗ, ಅಲ್ಲಿಯವರೆಗೆ ಸುಮ್ಮನಿದ್ದ ಸಿರೊಟೊನಿನ್ ಕೂಡ ನರಕೋಶದ ಕವಲುಗಳ ಮೇಲೆ ಹೊಸ ಮುಳ್ಳುಗಳನ್ನು ಚಿಗುರಿಸಿತು. ಐದರಿಂದ ನಾಲ್ಕಕ್ಕೆ ಸರಿದ ಹೈಡ್ರಾಕ್ಸಿಲಿನ ಮಹತ್ವ ಇಲ್ಲಿ ಮತ್ತೆ ಎದುರಾಗುತ್ತದೆ.

ಎಲ್ಲ ಟ್ರಿಪ್ಟಮೈನ್‌ಗಳೂ ಒಂದೇ ಎಂದೂ ಅಲ್ಲ. ಸೊನೋರಾ ಮರುಭೂಮಿಯ ಕಪ್ಪೆಯ ಗ್ರಂಥಿಗಳಲ್ಲಿರುವ 5-ಮೀಥಾಕ್ಸಿ-ಡಿಎಂಟಿ, 2ಎಗಿಂತ 1ಎ ಗ್ರಾಹಕವನ್ನು ಬಹಳ ಬಿಗಿಯಾಗಿ ಹಿಡಿಯುತ್ತದೆ. ಅದನ್ನು ಸೇವಿಸಿದವರು ಬಣ್ಣ, ಆಕೃತಿಗಳಿಗಿಂತ ‘ನಾನು’ ಎಂಬುದೇ ಅಳಿಸಿಹೋದುದನ್ನು ಹೆಚ್ಚಾಗಿ ಹೇಳುತ್ತಾರೆ. ಸಿಲೋಸೈಬಿನ್ ಅನ್ನು ದಿನವೂ ಕೊಟ್ಟರೆ ಕೆಲವೇ ದಿನಗಳಲ್ಲಿ ಪ್ರಭಾವ ಬಹುಪಾಲು ಇಲ್ಲವಾಗುತ್ತದೆ, ಡಿಎಂಟಿಗೆ ಅಂಥ ಸಹಿಷ್ಣುತೆ ಅಷ್ಟಾಗಿ ಬರುವುದಿಲ್ಲ. ಮಿದುಳಿನ ಪೀನಿಯಲ್ ಗ್ರಂಥಿ ಸಾಯುವ ಹೊತ್ತಿನಲ್ಲಿ ಡಿಎಂಟಿ ಸುರಿಸುತ್ತದೆ ಎಂಬ ಕಥೆ ನಮ್ಮಲ್ಲಿ ಆಜ್ಞಾಚಕ್ರದ ಜೊತೆ ಸೇರಿಕೊಂಡು ಓಡಾಡುತ್ತಿದೆ. ಇಲಿಯ ಮಿದುಳಿನಲ್ಲಿ ಡಿಎಂಟಿ ಇರುವುದನ್ನು 2019ರಲ್ಲಿ ಮಿಷಿಗನ್ನಿನ ಸಂಶೋಧಕರು ತೋರಿಸಿದ್ದು ನಿಜ. ಆದರೆ ಪೀನಿಯಲ್ ಗ್ರಂಥಿಯನ್ನು ತೆಗೆದ ಇಲಿಗಳ ಮಿದುಳಿನಲ್ಲೂ ಅದು ಇತ್ತು.

ಗುಣದ ಪ್ರಶ್ನೆಗೆ ಬಂದಾಗ ಈ ಖಚಿತತೆ ಕೈಬಿಡುತ್ತದೆ. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ 59 ಖಿನ್ನತೆಯ ರೋಗಿಗಳಲ್ಲಿ ಸಿಲೋಸೈಬಿನ್ ಅನ್ನು ಎಸ್ಸಿಟಾಲೊಪ್ರಾಮ್ ಎಂಬ ಸಾಮಾನ್ಯ ಮಾತ್ರೆಗೆ ಹೋಲಿಸಿತು. ಮೊದಲೇ ನಿಗದಿಪಡಿಸಿದ್ದ ಮುಖ್ಯ ಅಳತೆಯಲ್ಲಿ ಎರಡರ ನಡುವೆ ನಂಬುವಂಥ ವ್ಯತ್ಯಾಸ ಕಾಣಲಿಲ್ಲ. 2022ರ ದೊಡ್ಡ ಪ್ರಯೋಗದಲ್ಲಿ 233 ರೋಗಿಗಳಿದ್ದರು, ಬೇರೆ ಔಷಧಿಗಳಿಗೆ ಬಗ್ಗದ ಖಿನ್ನತೆ ಅವರದ್ದು. ಮೂರು ವಾರದ ಹೊತ್ತಿಗೆ ಖಿನ್ನತೆಯ ಅಂಕ 25 ಮಿಲಿಗ್ರಾಂ ಪಡೆದವರಲ್ಲಿ 12ರಷ್ಟು, 10 ಮಿಲಿಗ್ರಾಂ ಪಡೆದವರಲ್ಲಿ ಸುಮಾರು 8, ಹೆಸರಿಗಷ್ಟೇ ಎಂಬಂತೆ 1 ಮಿಲಿಗ್ರಾಂ ಪಡೆದವರಲ್ಲಿ 5ಕ್ಕಿಂತ ತುಸು ಹೆಚ್ಚು ಇಳಿದಿತ್ತು. ಇದನ್ನು ಕಡೆಗಣಿಸುವಂತಿಲ್ಲ. ಪ್ರಮಾಣ ಹೆಚ್ಚಿದಂತೆ ಫಲವೂ ಹೆಚ್ಚುವುದು ಮದ್ದಿನ ನಿಜವಾದ ಕೆಲಸದ ಒಂದು ಲಕ್ಷಣವೇ. ಬೇರೆಲ್ಲ ದಾರಿ ಮುಚ್ಚಿದ ರೋಗಿಗಳಿಗೆ ಒಂದೇ ಸೇವನೆಯಿಂದ ವಾರಗಟ್ಟಲೆ ನೆಮ್ಮದಿ ಸಿಗುವುದಾದರೆ ಅದು ಸಣ್ಣ ಸುದ್ದಿಯಲ್ಲ. ಆದರೆ ಫಲ ಸಿಕ್ಕಿತು ಎಂಬುದಕ್ಕೂ, ಅದು 2ಎ ಗ್ರಾಹಕದಿಂದ ಸಿಕ್ಕಿತು ಎಂಬುದಕ್ಕೂ ನಡುವೆ ಒಂದು ಹೊಳೆಯಿದೆ.

ಆ ಹೊಳೆಗೆ ಸೇತುವೆ ಕಟ್ಟಲು ಹೊರಟವರು ನೆಚ್ಚಿಕೊಂಡಿರುವುದು ನರಕೋಶದ ಬೆಳವಣಿಗೆಯನ್ನು. 2021ರಲ್ಲಿ ಯೇಲ್‌ನ ಅಲೆಕ್ಸ್ ಕ್ವಾನ್ ತಂಡ, ಒಂದೇ ಬಾರಿ ಸಿಲೋಸೈಬಿನ್ ಪಡೆದ ಇಲಿಯ ಮುಮ್ಮಿದುಳಿನಲ್ಲಿ ನರಮುಳ್ಳುಗಳ ಸಂಖ್ಯೆ ಮತ್ತು ಗಾತ್ರ ಸುಮಾರು ಶೇ. 10ರಷ್ಟು ಹೆಚ್ಚಿದ್ದನ್ನೂ, ತಿಂಗಳಾದ ಮೇಲೂ ಒಂದಷ್ಟು ಉಳಿದಿದ್ದನ್ನೂ ಕಂಡಿತು. ಅದೇ ವರ್ಷ ಮೇರಿಲ್ಯಾಂಡಿನ ಇನ್ನೊಂದು ತಂಡ ಕೆಟಾನ್ಸೆರಿನ್ ಕೊಟ್ಟು ತಲೆ ಕೊಡವುವುದನ್ನು ತಡೆದರೂ ಇಲಿಗಳಲ್ಲಿ ಖಿನ್ನತೆ ಕಳೆದಂಥ ವರ್ತನೆ ಹಾಗೇ ಉಳಿಯಿತು ಎಂದು ವರದಿ ಮಾಡಿತು. 2023ರಲ್ಲಿ ಹೆಲ್ಸಿಂಕಿಯ ಏರೋ ಕಾಸ್ಟ್ರೆನ್ ಬಳಗ, ಎಲ್‌ಎಸ್‌ಡಿ ಮತ್ತು ಸಿಲೋಸಿನ್‌ಗಳು 2ಎಯನ್ನು ಬಿಟ್ಟು ಟಿಆರ್‌ಕೆಬಿ ಎಂಬ ಬೇರೆಯೇ ಗ್ರಾಹಕವನ್ನು ಹಿಡಿದು ಈ ಬೆಳವಣಿಗೆ ಮಾಡಿಸುತ್ತವೆ ಎಂದಿತು. 2025ರಲ್ಲಿ ಕ್ವಾನ್ ತಂಡವೇ ಮತ್ತೆ ಬಂದು, ಇಲ್ಲ, ದೀರ್ಘಕಾಲದ ಪ್ರಭಾವಕ್ಕೆ ಮುಮ್ಮಿದುಳಿನ ಒಂದು ಬಗೆಯ ನರಕೋಶ ಮತ್ತು ಅದರ 2ಎ ಗ್ರಾಹಕ ಎರಡೂ ಬೇಕು ಎಂದು ತೋರಿಸಿತು. ಒಳ್ಳೆಯ ಪ್ರಯೋಗಾಲಯಗಳೇ ಹೀಗೆ ಎದುರುಬದುರಾಗಿವೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಜೀವಂತ ವಿಜ್ಞಾನ ನಡೆಯುವುದೇ ಹೀಗೆ. ನರಮುಳ್ಳು ಹೆಚ್ಚುವುದೇ ಗುಣವೂ ಅಲ್ಲ. ಕೊಕೇನ್ ಕೂಡ ಮಿದುಳಿನ ಕೆಲವು ಭಾಗಗಳಲ್ಲಿ ನರಮುಳ್ಳು ಬೆಳೆಸುತ್ತದೆ, ಅದನ್ನು ಯಾರೂ ಮದ್ದೆಂದು ಕರೆಯುವುದಿಲ್ಲ.

ನನ್ನ ಈ ವಾದಕ್ಕೆ ಬರುವ ಬಲವಾದ ಆಕ್ಷೇಪ ಮನೋಚಿಕಿತ್ಸಕರದು. ಅನುಭವವನ್ನೂ ಗುಣವನ್ನೂ ಬೇರೆ ಮಾಡುವುದೇ ತಪ್ಪು, ಅನುಭವವೇ ಗುಣಪಡಿಸುವುದು ಎನ್ನುತ್ತಾರೆ ಅವರು. 2016ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ರೋಲಂಡ್ ಗ್ರಿಫಿತ್ಸ್ ತಂಡ, 51 ಕ್ಯಾನ್ಸರ್ ರೋಗಿಗಳಲ್ಲಿ ಅನುಭಾವದಂಥ ಅನುಭವ ಗಾಢವಾದಷ್ಟೂ ಸಾವಿನ ಕಳವಳ, ಖಿನ್ನತೆಗಳು ಹೆಚ್ಚು ಇಳಿದದ್ದನ್ನು ಕಂಡಿತ್ತು. ಈ ವಾದದ ಮೇಲೆ ನನಗೆ ಗೌರವವಿದೆ. ಸಾವಿನೆದುರು ಕೂತ ವ್ಯಕ್ತಿಗೆ ಸಿಕ್ಕ ಸಮಾಧಾನವನ್ನು ಗ್ರಾಹಕದ ಭಾಷೆಗೆ ಇಳಿಸಿ ಕೈತೊಳೆದುಕೊಳ್ಳಬಾರದು. ಆದರೆ ಎರಡು ಸಂಗತಿಗಳು ಜೊತೆಯಲ್ಲಿ ಏರಿದವು ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಏರಿಸಿತು ಎಂದಾಗದು. ಮಿದುಳಿಗೆ ಹೆಚ್ಚು ಮದ್ದು ತಲುಪಿದ್ದರಿಂದ ಎರಡೂ ಏರಿರಬಹುದು. ಗಾಢ ಅನುಭವವಾದವನಿಗೆ ತನಗೆ ನಿಜವಾದ ಮದ್ದೇ ಸಿಕ್ಕಿತೆಂಬ ಭರವಸೆಯೂ ಹೆಚ್ಚಿರಬಹುದು. ಎದುರು ದಿಕ್ಕಿನಿಂದ ಬರುವ ರಸಾಯನಶಾಸ್ತ್ರಜ್ಞರು ಅನುಭವವೇ ಬೇಡ ಎನ್ನುತ್ತಾರೆ. ಓಲ್ಸನ್ ತಂಡ ತಯಾರಿಸಿದ ಟ್ಯಾಬರ್ನಾಂಥಲಾಗ್ ಇಲಿಯ ತಲೆ ಕೊಡವಿಸದೆಯೇ ನರಕೋಶ ಬೆಳೆಸುತ್ತದೆ. ಇದು ಮನುಷ್ಯರಲ್ಲಿ ಖಿನ್ನತೆ ಕಳೆದರೆ ಚರ್ಚೆ ಬಹುಪಾಲು ಮುಗಿದಂತೆ. ಕಳೆಯುವವರೆಗೆ ಎರಡು ಪಕ್ಷಗಳೂ ಗೆದ್ದೆವೆಂದು ಹೇಳುವಂತಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಪ್ರಾಯೋಗಿಕ. ಗೋಡೆ ಉಸಿರಾಡುತ್ತಿರುವಾಗ ತನಗೆ ಸಿಕ್ಕಿದ್ದು ಮದ್ದೋ ಹುಸಿಮದ್ದೋ ಎಂಬುದು ರೋಗಿಗೆ ತಿಳಿದೇ ತಿಳಿಯುತ್ತದೆ. ಅದನ್ನು ಮರೆಮಾಡಲಾಗದು, ಆದ್ದರಿಂದ ಮರೆಮಾಡಿದ ಪ್ರಯೋಗದ ಪ್ರಮಾಣವನ್ನು ಇವುಗಳಿಂದ ಕೇಳುವುದು ಅನ್ಯಾಯ ಎಂಬುದು ಆ ವಾದ. ತೊಂದರೆ ನಿಜ, ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ನಿರೀಕ್ಷೆಯ ಬಲ ಎಷ್ಟೆಂಬುದಕ್ಕೆ ಪಕ್ಕದ ಕ್ಷೇತ್ರದಲ್ಲೇ ಉದಾಹರಣೆ ಇದೆ. 2023ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು, ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆಯಲ್ಲಿದ್ದ 40 ಖಿನ್ನತೆಯ ರೋಗಿಗಳಲ್ಲಿ ಕೆಲವರಿಗೆ ಕೆಟಮಿನ್ ಎಂಬ ಔಷಧಿ, ಕೆಲವರಿಗೆ ಬರೀ ಲವಣಜಲ ಕೊಟ್ಟರು. ಯಾರಿಗೂ ಅನುಭವವಾಗಲಿಲ್ಲ, ಯಾರಿಗೂ ತಮಗೆ ಸಿಕ್ಕಿದ್ದೇನೆಂದು ತಿಳಿಯಲಿಲ್ಲ. ಎರಡು ಗುಂಪಿನಲ್ಲೂ ಖಿನ್ನತೆ ಹೆಚ್ಚುಕಡಿಮೆ ಸಮನಾಗಿ ಇಳಿಯಿತು. ಅತಿ ಸಣ್ಣ ಪ್ರಮಾಣದಲ್ಲಿ ಸೈಕೆಡೆಲಿಕ್ ಸೇವಿಸುವವರು ತಮ್ಮ ಮಾತ್ರೆಗಳನ್ನು ತಾವೇ ಗುಟ್ಟಾಗಿ ಬೆರೆಸಿಕೊಂಡು ಮಾಡಿದ 2021ರ ಅಧ್ಯಯನದಲ್ಲಿ 191 ಮಂದಿ ಇದ್ದರು. ಅಲ್ಲೂ ಹುಸಿಮದ್ದಿನವರು ಮದ್ದಿನವರಷ್ಟೇ ಸುಧಾರಿಸಿದರು. ನಿರೀಕ್ಷೆ ಇಷ್ಟು ಬಲಶಾಲಿಯಾಗಿರುವಾಗ ಅದನ್ನು ಅಳೆಯುವುದನ್ನು ಬಿಡುವುದಲ್ಲ, ಹೆಚ್ಚು ಎಚ್ಚರದಿಂದ ಅಳೆಯಬೇಕು: ಹಲವು ಪ್ರಮಾಣಗಳನ್ನು ಹೋಲಿಸಿ, ರೋಗಿಯ ನಿರೀಕ್ಷೆಯನ್ನು ಮೊದಲೇ ಬರೆದಿಟ್ಟು, ಯಾರಿಗೆ ಏನು ಕೊಟ್ಟಿದೆ ಎಂದು ತಿಳಿಯದವರಿಂದ ಅಂಕ ಹಾಕಿಸಿ.

ಶತಮಾನಗಳಿಂದ ಜನ ಬಳಸಿದ್ದಾರೆ, ಇದಕ್ಕಿಂತ ಸಾಕ್ಷ್ಯ ಬೇಕೆ ಎನ್ನುವವರೂ ಇದ್ದಾರೆ. ಒಆಹಾಕದಲ್ಲಿ ಅಣಬೆ ಒಂಟಿ ವಸ್ತುವಾಗಿರಲಿಲ್ಲ. ರಾತ್ರಿಯ ಹಾಡು, ಪಥ್ಯ, ರೋಗಿಯನ್ನು ಬಲ್ಲ ವೈದ್ಯೆ, ಸುತ್ತಲಿನ ಬಂಧುಗಳು ಎಲ್ಲವೂ ಅದರ ಭಾಗ. ಆ ಪರಂಪರೆಯಿಂದ ಅಣುವೊಂದನ್ನೇ ಕಿತ್ತು ಮಾತ್ರೆ ಮಾಡಿದವರು ಪರಂಪರೆಯ ಹೆಸರಿನಲ್ಲಿ ರಿಯಾಯಿತಿ ಕೇಳುವಂತಿಲ್ಲ.

ಅಪಾಯಗಳ ವಿಷಯದಲ್ಲಿ ಔಷಧಶಾಸ್ತ್ರ ಮತ್ತೆ ಸ್ಪಷ್ಟವಾಗಿ ಮಾತನಾಡುತ್ತದೆ. ಇವು ವ್ಯಸನ ಹುಟ್ಟಿಸುವುದು ಕಡಿಮೆ. ಆದರೆ ಸ್ಕಿಜೋಫ್ರೇನಿಯ ಅಥವಾ ಬೈಪೋಲಾರ್ ಇರುವವರನ್ನು, ಮನೆತನದಲ್ಲಿ ಅದಿರುವವರನ್ನು ಪ್ರಯೋಗಗಳಿಂದ ಹೊರಗಿಡುವುದು ಸುಮ್ಮನೆ ಅಲ್ಲ. ಸಿಲೋಸಿನ್ 2ಬಿ ಗ್ರಾಹಕವನ್ನೂ ಹಿಡಿಯುತ್ತದೆ. ಅದೇ ಗ್ರಾಹಕವನ್ನು ದಿನವೂ ಕೆಣಕುತ್ತಿದ್ದ ಫೆನ್‌ಫ್ಲುರಮಿನ್ ಎಂಬ ಮೈಯಿಳಿಸುವ ಮಾತ್ರೆ ಹೃದಯದ ಕವಾಟಗಳನ್ನು ಕೆಡಿಸಿದ್ದರಿಂದ 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಎಂದೋ ಒಮ್ಮೆ ಸೇವಿಸುವುದಕ್ಕೆ ಈ ಅಂಜಿಕೆ ಅಷ್ಟಾಗಿ ಅನ್ವಯಿಸದು, ತಿಂಗಳುಗಟ್ಟಲೆ ಚೂರು ಚೂರಾಗಿ ಸೇವಿಸುವವರಿಗೆ ಅನ್ವಯಿಸುತ್ತದೆ. ಎಲ್ಲಕ್ಕಿಂತ ನೇರವಾದ ಅಪಾಯ ಆಯವಾಸ್ಕಾದ್ದು. ಸಿರೊಟೊನಿನ್ ಹೆಚ್ಚಿಸುವ ಖಿನ್ನತೆಯ ಮಾತ್ರೆಗಳನ್ನು ನುಂಗುತ್ತಿರುವವರು ಕಿಣ್ವ ತಡೆಯುವ ಆ ಕಷಾಯ ಕುಡಿದರೆ ಜ್ವರ, ನಡುಕ, ಸ್ನಾಯು ಸೆಡೆತಗಳೊಂದಿಗೆ ಪ್ರಾಣಕ್ಕೇ ಸಂಚಕಾರ ಬರಬಹುದು. ಹಾಗೆಂದು ಅದಕ್ಕಾಗಿ ಮಾತ್ರೆಯನ್ನು ತಾವೇ ನಿಲ್ಲಿಸಿದರೆ ಖಿನ್ನತೆ ಮರುಕಳಿಸುವ ಅಪಾಯ.

ಆಸ್ಟ್ರೇಲಿಯ 2023ರ ಜುಲೈ 1ರಿಂದ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಅನುಮತಿ ಪಡೆದ ಮನೋವೈದ್ಯರು ಸಿಲೋಸೈಬಿನ್ ಕೊಡಬಹುದೆಂದು ಹೇಳಿದೆ. ನಮ್ಮಲ್ಲಿ ಸಿಲೋಸೈಬಿನ್, ಡಿಎಂಟಿ ಎರಡೂ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿವೆ, ಯಾವ ಕಾಯಿಲೆಗೂ ಅನುಮೋದಿತ ಚಿಕಿತ್ಸೆಯಲ್ಲ. ಕಾನೂನಿನ ಚೌಕಟ್ಟಿನೊಳಗೇ ಭಾರತದಲ್ಲೂ ಎಚ್ಚರದ ಸಂಶೋಧನೆ ನಡೆಯಲಿ ಎಂಬುದು ನನ್ನ ಆಸೆ. ಸರ್ಪಗಂಧದ ನಾಡು ಈ ಪ್ರಶ್ನೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕಿಲ್ಲ. ಅಲ್ಲಿಯವರೆಗೆ, ಈ ಅಣುಗಳ ಸುದ್ದಿ ಓದಿ ಅದರಲ್ಲೇ ಆಸೆ ಇಟ್ಟುಕೊಂಡಿರುವ ಖಿನ್ನತೆಯ ರೋಗಿಗಳಿಗೂ ಅವರ ಮನೆಯವರಿಗೂ ಒಂದು ವಿನಂತಿ: ನಡೆಯುತ್ತಿರುವ ಔಷಧಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ ಯಾವ ಹೊತ್ತಿನಲ್ಲೂ, ಕನ್ನಡದಲ್ಲೂ, ಉಚಿತವಾಗಿ ಸಿಗುತ್ತದೆ.